ಮೆಟ್ಟಿಲು ಹತ್ತಿಸಿದವರಿಗೆ

ಹೃದಯ ಬೇಕಾದಷ್ಟು ಬೇಗ ಬಡಿಯುವಂತೆ ಮಾಡುವ ಪುಟ್ಟ ಯಂತ್ರ, ಪೇಸ್‌ಮೇಕರ್, ಹಾಕಿಸಿಕೊಂಡು ಇವತ್ತಿಗೆ ಸರಿಯಾಗಿ ಒಂದು ವರ್ಷ. ಬೆಳಿಗ್ಗೆ ಮೂರು ಮಹಡಿ ಎಲ್ಲೂ ನಿಲ್ಲದೆ ಹತ್ತಿದೆ. ಮೇಲೆ ಹೋಗಿ ಮಾತೂ ಆಡಿದೆ. ಹಾಗಾಗಿ ಕೆಲವರಿಗೆ ಥ್ಯಾಂಕ್ಸ್ ಹೇಳುವುದು ಬಾಕಿ ಇದೆ.

ಮೊದಲು ಹೆಂಡತಿಗೆ. ಕೂತರೆ ನನಗೆ ಏನೂ ಇರುತ್ತಿರಲಿಲ್ಲ. ನಡೆದರೆ ಏದುಸಿರು, ಕಾಲಲ್ಲಿ ಶಕ್ತಿಯೇ ಇಲ್ಲ. ಹೋದಲ್ಲೆಲ್ಲ ಮಲಗಿಸಿ ಇಸಿಜಿ ತೆಗೆದರು. ನಾರ್ಮಲ್. ಒಬ್ಬ ಡಾಕ್ಟ್ರು "ವಯಸ್ಸಾಯ್ತಲ್ಲ" ಅಂದರು. ಆಗ ನನಗೆ 58. ನಾನೇನೋ ಒಪ್ಪಿಕೊಂಡುಬಿಟ್ಟಿದ್ದೆ, ಅವಳು ಒಪ್ಪಲಿಲ್ಲ. ಒಂದು ದಿನ ಮೆಟ್ಟಿಲು ಹತ್ತಿ ಬಂದು ಬಾಗಿಲಲ್ಲೇ ಕುಸಿದು ಕೂತಾಗ ನನ್ನ ಮಣಿಕಟ್ಟು ಹಿಡಿದು, ಗಡಿಯಾರ ನೋಡುತ್ತಾ ಎಣಿಸಿದಳು. 74. "ಇಷ್ಟೊಂದು ಏದುಸಿರು ಬಿಡ್ತಿದ್ದೀರಿ, ನಾಡಿ ಮಾತ್ರ ಆರಾಮಾಗಿದೆಯಲ್ಲ!" ಅಂದಳು. ಕಾಯಿಲೆ ಹಿಡಿದದ್ದು ಅವಳೇ.

ಆ ಮಾತಿಗೆ ನಗದೆ ನನ್ನನ್ನು ಟ್ರೆಡ್‌ಮಿಲ್ ಹತ್ತಿಸಿದ ಡಾಕ್ಟರಿಗೆ ಎರಡನೇ ಥ್ಯಾಂಕ್ಸ್. ಲೆಕ್ಕ ಸುಲಭ. 220ರಲ್ಲಿ ವಯಸ್ಸು ಕಳೆದರೆ 162, ಅದು ನಿಮಿಷಕ್ಕೆ ಹೃದಯ ಬಡಿಯಬಹುದಾದ ಅಂದಾಜು ಗರಿಷ್ಠ. ಅದರಲ್ಲಿ ಶೇ. 80, ಅಂದರೆ 130ರ ಹತ್ತಿರವಾದರೂ ಬಡಿತ ಏರಬೇಕು. ನನ್ನದು 91ಕ್ಕೇ ನಿಂತಿತು. ಬಿಪಿಗೆ ನುಂಗುತ್ತಿದ್ದ ಬೀಟಾ ಬ್ಲಾಕರ್ ಮಾತ್ರೆಯೂ ಬಡಿತ ತಗ್ಗಿಸುತ್ತದಂತೆ. ಅದನ್ನು ಬದಲಿಸಿ ಕೆಲವು ವಾರ ಬಿಟ್ಟು ಮತ್ತೆ ನಡೆಸಿದರು. ಹೆಚ್ಚು ಕಡಿಮೆ ಅಷ್ಟೇ ಬಂತು. ಮೈ ಜಾಸ್ತಿ ರಕ್ತ ಕೇಳುತ್ತಿದ್ದರೂ ಹೃದಯ ಮಾತ್ರ ತನ್ನ ಪಾಡಿಗೆ ನಿಧಾನವಾಗಿ ಬಡಿಯುತ್ತಿತ್ತು.

ಆದರೆ ದೊಡ್ಡ ಥ್ಯಾಂಕ್ಸ್ ಪೇಸ್‌ಮೇಕರ್ ಕ್ಲಿನಿಕ್ಕಿನ ಟೆಕ್ನಿಷಿಯನ್ ಹುಡುಗಿಗೆ. ಎದೆಯಲ್ಲಿ ಯಂತ್ರ ಕೂತರೆ ಕಥೆ ಮುಗೀತು ಅಂದುಕೊಂಡಿದ್ದೆ. ಒಂದು ತಿಂಗಳಾದರೂ ಏದುಸಿರು ಹಾಗೇ ಇತ್ತು. ಸುಮ್ನೆ ಕೊಯ್ಸಿಕೊಂಡೆ ಅಂತ ಬೇಜಾರೂ ಆಗಿತ್ತು. ಆ ಹುಡುಗಿ ನನ್ನನ್ನು ಮಲಗಿಸಲೇ ಇಲ್ಲ. "ಬನ್ನಿ ಅಂಕಲ್, ಮೆಟ್ಟಿಲ ಹತ್ರ ಹೋಗೋಣ" ಅಂದಳು. ಹತ್ತುವಾಗ ಬಡಿತ 84, ಇಳಿಯುವಾಗ 102! ಇಬ್ಬರೂ ನಕ್ಕೆವು. ಬಡಿತ ಎಷ್ಟು ಏರಿಸಬೇಕು ಅಂತ ಯಂತ್ರಕ್ಕೆ ಹೇಳುವ ಒಳಗಿನ ಸೆನ್ಸರ್ ಮೈ ಅಲುಗುವುದನ್ನು ಮಾತ್ರ ನೋಡುತ್ತಿತ್ತು. ಇಳಿಯುವಾಗ ಹೆಜ್ಜೆ ಧಡಧಡ ಬೀಳುತ್ತದೆ ಅಲ್ವಾ, ಅದಕ್ಕೆ ಅದೇ ದೊಡ್ಡ ಕೆಲಸ. ವ್ಯಾಯಾಮದ ಸೈಕಲ್ ತುಳಿದರೆ ಎದೆ ಅಲುಗುವುದು ಕಡಿಮೆ, ಹಾಗಾಗಿ ಅಲ್ಲೂ ಮೋಸ.

ನನ್ನ ಯಂತ್ರದಲ್ಲಿ ಇನ್ನೊಂದು ಸೆನ್ಸರೂ ಇತ್ತು. ಎದೆಯಲ್ಲಿ ಗೊತ್ತೇ ಆಗದಷ್ಟು ಸಣ್ಣ ಕರೆಂಟ್ ಹರಿಸಿ, ಉಸಿರು ಎಷ್ಟು ಆಳ, ಎಷ್ಟು ಬೇಗ ಅಂತ ಅಂದಾಜು ಮಾಡುತ್ತದೆ. ಅವಳು ಅದನ್ನೂ ಆನ್ ಮಾಡಿ, ಗರಿಷ್ಠ ಮಿತಿ 125ಕ್ಕೆ ಇಟ್ಟು, ಮತ್ತೆ ಹತ್ತಿಸಿದಳು. ಮೂರು ಸಲ. ಹೊರಗೆ ಜನ ಕಾಯುತ್ತಿದ್ದರೂ ಗಡಿಬಿಡಿ ಮಾಡಲಿಲ್ಲ. ಮೂರನೇ ಸಲ ಮೇಲೆ ತಲುಪಿದಾಗ 112. ಕಾಲು ಹಗುರ. ನನಗೆ ಅಳುವೇ ಬಂತು.

ಇನ್ನೊಬ್ಬರು ನನಗೆ ಪರಿಚಯವಿಲ್ಲದವರು. 1958ರಲ್ಲಿ ಸ್ವೀಡನ್ನಿನಲ್ಲಿ ಮೈಯೊಳಗೆ ಮೊದಲ ಪೇಸ್‌ಮೇಕರ್ ಹಾಕಿಸಿಕೊಂಡ ಆರ್ನೆ ಲಾರ್ಸನ್. ಅದು ಕೆಲವೇ ಗಂಟೆಗಳಲ್ಲಿ ಕೆಟ್ಟಿತು. ಆಮೇಲೆ ಇಪ್ಪತ್ತಕ್ಕೂ ಹೆಚ್ಚು ಯಂತ್ರ ಬದಲಿಸುತ್ತಾ 2001ರವರೆಗೆ ಬದುಕಿದರು. ಡಾಕ್ಟರುಗಳ ಬೆನ್ನು ಬಿದ್ದು ಅದನ್ನು ಹಾಕಿಸಿದ್ದು ಅವರ ಹೆಂಡತಿಯಂತೆ. ಇದನ್ನು ನಮ್ಮವಳಿಗೆ ಓದಿ ಹೇಳಿದೆ, "ಮತ್ತೆ?" ಅಂದಳು ಅಷ್ಟೇ.

ಟೆಕ್ನಿಷಿಯನ್ ಹುಡುಗಿಗೆ ಒಂದು ಮಾತು: ಗುಂಡಿ ಬಿದ್ದ ರಸ್ತೆಯಲ್ಲಿ ಗಾಡಿ ಕುಲುಕಿದರೆ, ಕೂತಲ್ಲೇ ನನ್ನ ಹೃದಯ ಈಗಲೂ ಓಟಕ್ಕೆ ಹೊರಡುತ್ತದಮ್ಮ. ಮುಂದಿನ ಚೆಕಪ್‌ಗೆ ಅದನ್ನೊಂದು ನೋಡು.