ಕೀಲು ನೋವಿಗೆ ಮನೆಯಲ್ಲೇ ಮಾಡಿಕೊಳ್ಳುವ ಆಸರೆ

ಎಲ್ಲರಿಗೂ ನಮಸ್ಕಾರ. ಬೆರಳು, ಮಂಡಿ ನೋವಿಗೆ ಮನೆಯಲ್ಲೇ ಏನು ಮಾಡಿಕೊಳ್ಳಬಹುದು ಅಂತ ಹಲವರು ಕೇಳಿದ್ದೀರಿ. ನನಗೆ ಉಪಯೋಗಕ್ಕೆ ಬಂದದ್ದನ್ನು ಹೇಳುತ್ತೇನೆ.

ಮೊದಲು ಹಿಡಿಗಳನ್ನು ದಪ್ಪ ಮಾಡಿ. ಹಿಡಿ ತೆಳುವಾಗಿದ್ದರೆ ಬೆರಳನ್ನು ಪೂರ್ತಿ ಮಡಚಿ ಬಿಗಿಯಾಗಿ ಒತ್ತಬೇಕಾಗುತ್ತದೆ. ನೋವು ಜಾಸ್ತಿಯಾಗುವುದು ಅಲ್ಲೇ. ಚಮಚಕ್ಕೆ, ಪೆನ್ನಿಗೆ ಹಳೇ ಬಟ್ಟೆಯ ಪಟ್ಟಿ ಸುತ್ತಿ ಎರಡು ತುದಿಗೂ ರಬ್ಬರ್ ಬ್ಯಾಂಡ್ ಹಾಕಿ. ನನ್ನ ಚಾಕುವಿನ ಹಿಡಿಗೆ ಸೈಕಲ್ ಟ್ಯೂಬಿನ ತುಂಡು ತೊಡಿಸಿದ್ದೇನೆ. ಒದ್ದೆ ಕೈಯಲ್ಲೂ ಜಾರುವುದಿಲ್ಲ. ಬೆಳಗ್ಗೆ ಬೆರಳು ಬಿಗಿದುಕೊಂಡಿರುತ್ತದಲ್ವಾ, ಆಗ ಇದು ನಿಜಕ್ಕೂ ದೊಡ್ಡ ಸಮಾಧಾನ.

ಕುರ್ಚಿ ತಗ್ಗಾಗಿದ್ದರೆ ಕಂಬಳಿ ಮಡಚಿ ಹಾಕಿ. ಸೀಟು ಎತ್ತರವಾದಷ್ಟೂ ಏಳುವಾಗ ಮಂಡಿಗೆ ಭಾರ ಕಡಿಮೆ. ಕುರ್ಚಿ ಕಾಲಿನ ಕೆಳಗೆ ಮಾತ್ರ ಏನನ್ನೂ ಇಡಬೇಡಿ, ಜಾರಿದರೆ ಕಷ್ಟ.

ಪಕ್ಕಕ್ಕೆ ಮಲಗುವವರು ಮಂಡಿಗಳ ನಡುವೆ ದಿಂಬು ಇಟ್ಟುಕೊಳ್ಳಿ. ಅಂಗಾತ ಮಲಗಿ ಮಂಡಿ ಕೆಳಗೆ ರಾತ್ರಿಯಿಡೀ ದಿಂಬು ಇಡುವ ಅಭ್ಯಾಸ ಬೇಡ. ದಿನ ಕಳೆದಂತೆ ಮಂಡಿ ಪೂರ್ತಿ ನೇರವಾಗದೆ ಹೋಗಬಹುದು.

ಊರುಗೋಲನ್ನು ನೋವಿರುವ ಕಾಲಿನ ಕಡೆ ಹಿಡಿಯಬೇಡಿ, ಇನ್ನೊಂದು ಕೈಯಲ್ಲಿ ಹಿಡಿಯಿರಿ.

ನೋವಿರುವ ಕೀಲಿಗೆ ಬಟ್ಟೆ ಪಟ್ಟಿ ಕಟ್ಟಿಕೊಂಡಾಗ ಬೆರಳು ತಣ್ಣಗಾದರೆ, ಜುಮುಗುಟ್ಟಿದರೆ, ಬಣ್ಣ ಬದಲಾದರೆ ತಕ್ಷಣ ಬಿಚ್ಚಿ. ಮಲಗುವಾಗಲೂ ಬಿಚ್ಚಿಡಿ. ಕೀಲು ಇದ್ದಕ್ಕಿದ್ದಂತೆ ಕೆಂಪಗೆ ಊದಿ ಜ್ವರವೂ ಬಂದರೆ ಮನೆಮದ್ದು ನೋಡುತ್ತಾ ಕೂರಬೇಡಿ, ಅವತ್ತೇ ಡಾಕ್ಟರ್ ಹತ್ತಿರ ಹೋಗಿ.

ನೀವು ಮಾಡಿಕೊಂಡಿರುವುದರ ಫೋಟೋ ಇದ್ದರೆ ಇಲ್ಲೇ ಹಾಕಿ. ಬಾಟಲಿ ಮುಚ್ಚಳ ತೆಗೆಯಲು ಯಾರಾದರೂ ಉಪಾಯ ಕಂಡುಕೊಂಡಿದ್ದರೆ ಖಂಡಿತ ತಿಳಿಸಿ.