ಆಶ್ರಮ ಸೇರಿದವರ ಮಾಸಾಶನ ನಿಲ್ಲದಿರಲಿ

ವೃದ್ಧಾಶ್ರಮ ಸೇರಿದ ಹಿರಿಯರು ಹಳೆಯ ವಿಳಾಸದಲ್ಲಿ ಸಿಗಲಿಲ್ಲವೆಂಬ ಒಂದೇ ಕಾರಣಕ್ಕೆ ಅವರ ಸಂಧ್ಯಾ ಸುರಕ್ಷಾ ಮಾಸಾಶನ ನಿಲ್ಲಿಸುವುದು ಅನ್ಯಾಯ. 65 ವರ್ಷ ದಾಟಿದ ಬಡವರಿಗೆ ತಿಂಗಳಿಗೆ 1,200 ರೂಪಾಯಿ ನೀಡುವ ಈ ಯೋಜನೆಯ ಹಣ ನನ್ನ ತಾಯಿಗೂ ಬರುತ್ತಿತ್ತು. ಪಾರ್ಶ್ವವಾಯುವಿನಿಂದ ಹಾಸಿಗೆ ಹಿಡಿದ ಅವರನ್ನು ಪಕ್ಕದ ತಾಲ್ಲೂಕಿನ ಆಶ್ರಮಕ್ಕೆ ಸೇರಿಸಿದ ಮೇಲೆ, ಪರಿಶೀಲನೆಗೆ ಬಂದವರು ಬೀಗ ಹಾಕಿದ ಮನೆಯನ್ನು ಕಂಡು ‘ವಾಸವಿಲ್ಲ’ ಎಂದು ಬರೆದುಕೊಂಡು ಹೋದರು, ಮುಂದೆ ಹಣ ಬರಲಿಲ್ಲ. ಅವರ ರಕ್ತದೊತ್ತಡದ ಮಾತ್ರೆ, ಡೈಪರುಗಳಿಗೆ ಆಧಾರವಾಗಿದ್ದುದು ಆ ಹಣವೇ. ಬೆರಳಚ್ಚು ಸವೆದ, ಎದ್ದು ಕೂರಲೂ ಆಗದ ಜೀವವನ್ನು ಕಚೇರಿಗೆ ಹೊತ್ತು ತಂದು, ಬದುಕಿದ್ದಾರೆಂದು ರುಜುವಾತುಪಡಿಸಬೇಕೆ? ಕಂದಾಯ ಇಲಾಖೆಯು ಗ್ರಾಮ ಆಡಳಿತಾಧಿಕಾರಿಗಳನ್ನು ವರ್ಷಕ್ಕೊಮ್ಮೆ ವೃದ್ಧಾಶ್ರಮಗಳಿಗೇ ಕಳುಹಿಸಿ ಪರಿಶೀಲನೆ ನಡೆಸಲಿ. ಕುಟುಂಬಕ್ಕೆ ಮೊದಲು ನೋಟಿಸ್ ನೀಡದೆ ಯಾರ ಮಾಸಾಶನವನ್ನೂ ತಡೆಹಿಡಿಯದಿರಲಿ.