ಸ್ಟಾಲಿನ್ ಮಿಂದ ಕೊಳ, ದೊಡ್ಡಪ್ಪನ ಮಂಡಿ

ಕುತೈಸಿ, ಜಾರ್ಜಿಯಾ
ಭಾನುವಾರ ರಾತ್ರಿ

ತೀರ್ಥರೂಪರಾದ ಅಪ್ಪನವರಿಗೆ, ಮಾತೃಶ್ರೀ ಅಮ್ಮನವರಿಗೆ ಪುಟ್ಟಿಯ ನಮಸ್ಕಾರಗಳು. ನಾನು ಕ್ಷೇಮ.

ದೊಡ್ಡಪ್ಪ ಯಾವುದೋ ವಿಡಿಯೋ ನೋಡಿ, "ನಿನ್ನ ಕಾಲೇಜಿನ ಪಕ್ಕದಲ್ಲೇ ಮಂಡಿನೋವು ವಾಸಿ ಮಾಡೋ ನೀರಿದೆಯಂತೆ, ಸ್ಟಾಲಿನ್ ಕೂಡ ಅಲ್ಲೇ ಸ್ನಾನ ಮಾಡ್ತಿದ್ನಂತೆ, ಬರಲಾ?" ಅಂತ ಕೇಳುತ್ತಲೇ ಇದ್ದರಲ್ಲ. ಫೋನಿನಲ್ಲಿ ಹೇಳಿದರೆ ಅರ್ಧಕ್ಕೇ ತಡೆದು ವೀಸಾ ಮಾತಿಗೆ ಹೋಗುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ, ಅವರಿಗೆ ಪೂರ್ತಿ ಓದಿ ಹೇಳಿ.

ಊರಿನ ಹೆಸರು ತ್ಸ್ಕಾಲ್ತುಬೊ. ಕುತೈಸಿಯಿಂದ ಹತ್ತು ಕಿಲೋಮೀಟರ್ ಆಸುಪಾಸು. ಇಲ್ಲಿ ಮಾರ್ಶ್ರೂಟ್ಕಾ ಅನ್ನುವ ಸಣ್ಣ ವ್ಯಾನುಗಳು ಓಡುತ್ತವೆ, ನಮ್ಮ ಕಡೆಯ ಟೆಂಪೋ ಥರ. ಇಳಿದರೆ ಎದುರಿಗೇ ದೊಡ್ಡ ಪಾರ್ಕು, ಹಳೆಯ ಮರಗಳು. ಆ ಮರಗಳ ನಡುವೆ ಅಲ್ಲಲ್ಲಿ ಒಂಬತ್ತು ಸ್ನಾನಗೃಹಗಳು. ಯಾವುದಕ್ಕೂ ಹೆಸರಿಲ್ಲ, ನಂಬರ್ ಮಾತ್ರ. ಪಾರ್ಕಿನ ಸುತ್ತ ಸುಮಾರು ಇಪ್ಪತ್ತು ಸ್ಯಾನಟೋರಿಯಂಗಳು, ಅಂದರೆ ಉಳಿದುಕೊಂಡು ಚಿಕಿತ್ಸೆ ಪಡೆಯುವ ವಿಶ್ರಾಂತಿಧಾಮಗಳು, ಒಂದೊಂದೂ ಅರಮನೆಯಷ್ಟು. 1930ರ ದಶಕದಿಂದ ಸೋವಿಯತ್ ಸರ್ಕಾರ ಇದನ್ನು ಜಲಚಿಕಿತ್ಸೆಯ ಊರನ್ನಾಗಿ ಕಟ್ಟಿತು. ಮಾಸ್ಕೋದಿಂದ ನೇರ ರೈಲು ಬರುತ್ತಿತ್ತಂತೆ. 1991ರಲ್ಲಿ ಸೋವಿಯತ್ ಒಕ್ಕೂಟ ಒಡೆಯಿತು, ರೈಲೂ ನಿಂತಿತು, ರೋಗಿಗಳು ಬರುವುದೂ ನಿಂತಿತು.

ನೀರಿನ ವಿಶೇಷ ಏನೆಂದರೆ, ಅದು ಭೂಮಿಯಿಂದ ಬರುವಾಗಲೇ 33ರಿಂದ 35 ಡಿಗ್ರಿ ಇರುತ್ತದೆ. ಕಾಯಿಸಬೇಕಿಲ್ಲ, ಆರಿಸಲೂಬೇಕಿಲ್ಲ. ಹಾಗಾಗಿ ಬುಗ್ಗೆಯ ನೀರನ್ನು ಟ್ಯಾಂಕಿಯಲ್ಲಿ ಕೂಡಿಡದೆ ಸೀದಾ ತೊಟ್ಟಿಗೆ ಬಿಡುತ್ತಾರೆ, ಒಂದು ಕಡೆಯಿಂದ ಬರುತ್ತಾ ಇನ್ನೊಂದು ಕಡೆಯಿಂದ ಹೋಗುತ್ತಾ ಇರುತ್ತದೆ. ಅದರಲ್ಲಿ ರೇಡಾನ್ ಎಂಬ ವಿಕಿರಣ ಸೂಸುವ ಅನಿಲವಿದೆ. ರೇಡಾನ್‌ನ ಅರ್ಧಾಯು 3.8 ದಿನ ಮಾತ್ರ, ಅಂದರೆ ಅಷ್ಟರಲ್ಲೇ ಅರ್ಧ ಇಲ್ಲವಾಗುತ್ತದೆ; ಅನಿಲವಾದ್ದರಿಂದ ಗಾಳಿಗೂ ಹಾರಿಹೋಗುತ್ತದೆ. ಬಾಟಲಿಯಲ್ಲಿ ತುಂಬಿ ಊರಿಗೆ ಕಳಿಸು ಅಂತ ಅಮ್ಮ ಕೇಳಿದ್ದಕ್ಕೆ ಇದೇ ಉತ್ತರ: ಅದು ನಿಮ್ಮನ್ನು ಮುಟ್ಟುವ ಹೊತ್ತಿಗೆ ಬರೀ ನೀರು.

ನಾನು ಹೋಗಿದ್ದು ನಂಬರ್ ಆರಕ್ಕೆ. ಸ್ಟಾಲಿನ್‌ಗಾಗಿಯೇ 1950ರ ಆಸುಪಾಸಿನಲ್ಲಿ ಕಟ್ಟಿದ್ದು. ಅವನು ಹುಟ್ಟಿದ್ದೂ ಇದೇ ದೇಶದ ಗೋರಿ ಎಂಬ ಊರಿನಲ್ಲಿ. ಮುಂಬಾಗಿಲ ಮೇಲೆ ಕಲ್ಲಿನಲ್ಲಿ ಕೆತ್ತಿದ ಉದ್ದನೆಯ ಉಬ್ಬುಚಿತ್ರ ಇದೆ, ಅದರಲ್ಲಿ ಅವನೂ ಅವನ ಸುತ್ತ ಜನರೂ ಇದ್ದಾರೆ. ಬೇರೆ ಎಷ್ಟೋ ಕಡೆ ಅವನ ವಿಗ್ರಹ ಕಿತ್ತುಹಾಕಿದರು, ಇಲ್ಲಿಯದು ಹಾಗೇ ಉಳಿದಿದೆ. ಒಳಗೆ ಅವನಿಗೆಂದೇ ಮಾಡಿದ ಕೊಳದ ಕೋಣೆ, ಮೊಸಾಯಿಕ್ ಕೆಲಸದ್ದು. ಇಷ್ಟೇನಾ ಅನ್ನಿಸಿತು ನನಗೆ. ಅರ್ಧ ಜಗತ್ತನ್ನು ನಡುಗಿಸಿದವನಿಗೂ ಕೀಲುನೋವು ಬಂದರೆ ಇಷ್ಟೇ ಅಗಲದ ನೀರು ಸಾಕಾಯಿತು.

ಮೊದಲು ಬಿ.ಪಿ. ನೋಡಿದರು. ಅದು ಸರಿ, ಮೆಚ್ಚಿದೆ. ಆಮೇಲೆ ವಯಸ್ಸಾದ ಒಬ್ಬ ಹೆಂಗಸು ಬಿಳಿ ಕೋಟು ಹಾಕಿಕೊಂಡು ಬಂದು ತೊಟ್ಟಿ ತೋರಿಸಿದರು. ಗೋಡೆಗೆ ಗಡಿಯಾರ. ಹದಿನೈದು ನಿಮಿಷ, ಅದಕ್ಕಿಂತ ಒಂದು ನಿಮಿಷ ಹೆಚ್ಚು ಬಿಡುವುದಿಲ್ಲ. ನೀರಿಗೆ ವಾಸನೆಯಿಲ್ಲ. ಬಿಸಿಯೂ ಅಲ್ಲ, ತಣ್ಣಗೂ ಅಲ್ಲ. ಸ್ವಲ್ಪ ಹೊತ್ತಾದ ಮೇಲೆ ಮೈ ಎಲ್ಲಿ ಮುಗಿಯಿತು, ನೀರು ಎಲ್ಲಿ ಶುರುವಾಯಿತು ಅಂತ ತಿಳಿಯುವುದಿಲ್ಲ. ಎದ್ದ ಕೂಡಲೇ ಬಾತ್‌ರೂಮಿಗೆ ಓಡಿದೆ. ಫಿಸಿಯಾಲಜಿ ಪುಸ್ತಕದಲ್ಲಿ ಇದ್ದದ್ದೇ ಇದು: ನೀರಿನ ಒತ್ತಡಕ್ಕೆ ಕಾಲಿನ ರಕ್ತ ಎದೆಯ ಕಡೆಗೆ ಸರಿಯುತ್ತದೆ, ರಕ್ತ ಜಾಸ್ತಿಯಾಯಿತೆಂದು ಹೃದಯ ತಿಳಿಯುತ್ತದೆ, ಮೂತ್ರಪಿಂಡಕ್ಕೆ ಕೆಲಸ ಹೇಳುತ್ತದೆ. ಪರೀಕ್ಷೆಗೆ ಉರುಹೊಡೆದಾಗ ನಂಬಿರಲಿಲ್ಲ.

ಈಗ ದೊಡ್ಡಪ್ಪನ ವಿಷಯ. ಕುತ್ತಿಗೆವರೆಗೆ ನೀರಿನಲ್ಲಿ ನಿಂತರೆ ಮೈಭಾರದಲ್ಲಿ ಹತ್ತನೇ ಒಂದು ಪಾಲು ಮಾತ್ರ ಕಾಲಿನ ಮೇಲೆ ಬೀಳುತ್ತದೆ. ಬೆಚ್ಚನೆ ನೀರಿನಲ್ಲಿ ಸ್ನಾಯು ಸಡಿಲವಾಗುತ್ತದೆ. ನೋವು ಕಮ್ಮಿ ಆಗುವುದು ಸುಳ್ಳಲ್ಲ. ಆದರೆ ಸವೆದ ಮೂಳೆಸಂದಿಯನ್ನು ಯಾವ ನೀರೂ ಮತ್ತೆ ಬೆಳೆಸುವುದಿಲ್ಲ. ರೇಡಾನಿನಿಂದ ಕೀಲುನೋವಿಗೆ ಒಂದಿಷ್ಟು ಉಪಶಮನ ಸಿಗುತ್ತದೆಂದು ಕೆಲವು ಸಣ್ಣ ಅಧ್ಯಯನಗಳು ಹೇಳುತ್ತವೆ. ಅದೇ ರೇಡಾನ್ ಮನೆಯೊಳಗೆ ಸೇರಿಕೊಂಡು ವರ್ಷಗಟ್ಟಲೆ ಉಸಿರಿಗೆ ಹೋದರೆ ಶ್ವಾಸಕೋಶದ ಕ್ಯಾನ್ಸರ್ ತರುತ್ತದೆ, ಬೀಡಿ ಸೇದುವವರಿಗೆ ಇನ್ನೂ ಜಾಸ್ತಿ. ಹದಿನೈದು ನಿಮಿಷದ ಸ್ನಾನಕ್ಕೆ ಹೆದರಬೇಕಿಲ್ಲ, ಆದರೆ ಅವರು ಬೀಡಿ ಬಿಟ್ಟೆ ಅಂತ ನನ್ನ ಹತ್ತಿರ ಹೇಳುವುದನ್ನು ನಾನು ನಂಬಿಲ್ಲ ಅಂತ ತಿಳಿಸಿ. ವಿಮಾನದ ದುಡ್ಡಿನಲ್ಲಿ ವರ್ಷವಿಡೀ ಫಿಸಿಯೋಥೆರಪಿಗೆ ಹೋಗಬಹುದು. ತೊಡೆಯ ಮುಂದಿನ ಸ್ನಾಯು ಗಟ್ಟಿಯಾದರೆ ಮಂಡಿಗೆ ಆಸರೆ ಸಿಕ್ಕ ಹಾಗೆ. ಕುರ್ಚಿಯಲ್ಲಿ ಕೂತು ಕಾಲು ನೀಟಾಗಿ ಚಾಚಿ ಹಿಡಿಯುವುದನ್ನು ಇವತ್ತೇ ಶುರುಮಾಡಲಿ. ಮೆಡಿಕಲ್ ಶಾಪಿನವನು ಕೊಡುವ ನೋವಿನ ಮಾತ್ರೆ ನಿಲ್ಲಿಸಲಿ, ಕಿಡ್ನಿಗೆ ಒಳ್ಳೆಯದಲ್ಲ.

ಅಪ್ಪ, ಇನ್ನು ಮುಂದಿನದ್ದು ನಿಮಗೆ. ಸ್ನಾನ ಮುಗಿಸಿ ಸ್ಯಾನಟೋರಿಯಂಗಳ ಕಡೆ ನಡೆದೆ. ಒಂದೊಂದು ಕಟ್ಟಡವೂ ಒಂದೊಂದು ಕಸುಬಿನವರದ್ದು. ಗಣಿ ಕೆಲಸದವರಿಗೆ ಒಂದು, ಸೈನ್ಯದವರಿಗೆ ಒಂದು. ಲೋಹದ ಕಾರ್ಖಾನೆಯವರಿಗೆ ಒಂದು, ಹೆಸರೇ ಮೆಟಲರ್ಗ್! ಈ ಸೀಮೆಯಲ್ಲೇ ಚಿಯಾತುರಾದ ಮ್ಯಾಂಗನೀಸ್ ಗಣಿ, ತ್ಕಿಬುಲಿಯ ಕಲ್ಲಿದ್ದಲು, ಜೆಸ್ತಾಫೋನಿಯ ಫೆರೋ ಅಲಾಯ್ (ಕಬ್ಬಿಣದ ಮಿಶ್ರಲೋಹ) ಕುಲುಮೆ ಎಲ್ಲಾ ಇವೆ. 1936ರ ಸೋವಿಯತ್ ಸಂವಿಧಾನದ 119ನೇ ವಿಧಿಯಲ್ಲಿ ವಿಶ್ರಾಂತಿಯನ್ನು ಹಕ್ಕು ಅಂತಲೇ ಬರೆದಿದ್ದರು, ಅದಕ್ಕೆ ಸ್ಯಾನಟೋರಿಯಂಗಳನ್ನು ಒದಗಿಸುತ್ತೇವೆ ಅಂತಲೂ. ಟ್ರೇಡ್ ಯೂನಿಯನ್ನಿನವರು ಪುತ್ಯೋವ್ಕಾ ಎಂಬ ಚೀಟಿ ಕೊಡುತ್ತಿದ್ದರು, ಅದನ್ನು ಹಿಡಿದು ಬಂದು ಉಳಿದುಕೊಂಡು ಡಾಕ್ಟರು ಬರೆದಷ್ಟು ಸ್ನಾನ ಮಾಡಿ ಹೋಗುವುದು. ಕುಲುಮೆಯ ಮುಂದೆ ಮೈ ಸುಟ್ಟುಕೊಂಡವನಿಗೆ ಎತ್ತರದ ಕಂಬಗಳ ಮೊಗಸಾಲೆ. ಚೀಟಿ ಎಲ್ಲರಿಗೂ ಸಿಗುತ್ತಿರಲಿಲ್ಲ, ಅದೂ ನಿಜ. ಅದೇ ಸರ್ಕಾರ ಅದೇ ಕಾಲದಲ್ಲಿ ಲಕ್ಷಗಟ್ಟಲೆ ಜನರನ್ನು ಶಿಬಿರಗಳಿಗೆ ಅಟ್ಟಿತ್ತು. ಎರಡನ್ನೂ ಒಟ್ಟಿಗೆ ತಲೆಯಲ್ಲಿ ಇಟ್ಟುಕೊಳ್ಳುವುದು ನನಗೆ ಕಷ್ಟವಾಯಿತು.

ಈಗ ಬಹುಪಾಲು ಕಟ್ಟಡಗಳಲ್ಲಿ ಕಿಟಕಿಗಳಿಲ್ಲ. ಮೆಟ್ಟಿಲ ಸಂದಿಯಲ್ಲಿ ಗಿಡ ಬೆಳೆದಿದೆ, ಹಸುಗಳು ಮೇಯುತ್ತವೆ. ಮೆದೆಯಾ ಅನ್ನುವ ಕಟ್ಟಡದ ಕಮಾನಿನ ಕೆಳಗೆ ಮದುವೆ ಜೋಡಿಯೊಂದು ಫೋಟೋ ತೆಗೆಸಿಕೊಳ್ಳುತ್ತಿತ್ತು. ಪಾಳುಬಿದ್ದದ್ದನ್ನು ನೋಡಲೆಂದೇ ಯೂರೋಪಿನಿಂದ ಕ್ಯಾಮೆರಾ ಹೊತ್ತು ಬರುತ್ತಾರೆ. ನನಗೆ ಅದು ಅಷ್ಟು ಹಿಡಿಸಲಿಲ್ಲ, ಏಕೆಂದರೆ ಇವು ಖಾಲಿ ಬಿದ್ದಿದ್ದ ಕಟ್ಟಡಗಳೇ ಅಲ್ಲ.

1992-93ರಲ್ಲಿ, ಜಾರ್ಜಿಯಾದಿಂದ ಬೇರೆಯಾಗಲು ಹೊರಟ ಅಬ್ಖಾಜಿಯಾ ಎಂಬ ಸೀಮೆಯಲ್ಲಿ ಯುದ್ಧವಾಯಿತು. ಅಲ್ಲಿಯ ರಾಜಧಾನಿ ಸುಖುಮಿ ಜಾರ್ಜಿಯಾದ ಕೈತಪ್ಪಿದಾಗ ಎರಡು ಲಕ್ಷಕ್ಕೂ ಹೆಚ್ಚು ಜಾರ್ಜಿಯನ್ನರು ಮನೆ ಬಿಟ್ಟು ಓಡಿಬಂದರು. ಸಾವಿರಾರು ಜನರನ್ನು ಸರ್ಕಾರ ಈ ಸ್ಯಾನಟೋರಿಯಂಗಳಲ್ಲಿ ಇರಿಸಿತು, ತಾತ್ಕಾಲಿಕ ಅಂತ. ನನಗೆ ತೊಟ್ಟಿ ತೋರಿಸಿದ ಆ ಬಿಳಿ ಕೋಟಿನವರೂ ಅವರಲ್ಲೇ ಒಬ್ಬರು. ನನ್ನ ಹರಕು ಜಾರ್ಜಿಯನ್‌ನಲ್ಲಿ ಕೇಳಿ ತಿಳಿದಷ್ಟು ಹೇಳುತ್ತೇನೆ: ರೋಗಿಯೊಬ್ಬನಿಗೆಂದು ಮಾಡಿದ್ದ ಕೋಣೆಯಲ್ಲಿ ಗಂಡ, ಅತ್ತೆ, ಇಬ್ಬರು ಮಕ್ಕಳು, ಇವರು. ಬಾಲ್ಕನಿಯಲ್ಲಿ ಸೌದೆ ಒಲೆ. ಮಕ್ಕಳು ಅಲ್ಲೇ ದೊಡ್ಡವರಾದರು, ಒಬ್ಬಳ ಮದುವೆಯೂ ಅಲ್ಲೇ ಆಯಿತು. ಈಗ ಬಹಳ ಜನರಿಗೆ ಹೊಸ ಫ್ಲ್ಯಾಟ್ ಸಿಕ್ಕಿದೆ, ಇವರಿಗೂ. ಹಳೆಯ ಕಟ್ಟಡಗಳನ್ನು ಹೋಟೆಲು ಮಾಡುವವರಿಗೆ ಹರಾಜು ಹಾಕುತ್ತಿದ್ದಾರೆ. "ಹೋಟೆಲಾದರೆ ನನ್ನ ಕೋಣೆಗೆ ರಾತ್ರಿಗೆ ಎಷ್ಟು ಲಾರಿ ಕೇಳ್ತಾರೋ ನೋಡ್ಬೇಕು" ಅಂದು ನಕ್ಕರು. ಲಾರಿ ಅಂದರೆ ಇಲ್ಲಿಯ ದುಡ್ಡು, ಅಮ್ಮ, ಗಾಬರಿಯಾಗಬೇಡಿ.

ಮುಂದಿನ ವಾರದಿಂದ ಪರೀಕ್ಷೆ. ಫಾರ್ಮಕಾಲಜಿ ಒಂದು ದಾಟಿದರೆ ಉಳಿದದ್ದಕ್ಕೆ ಭಯವಿಲ್ಲ. ಚಳಿಗೆ ಹೀಟರ್ ಕೊಂಡಿದ್ದೇನೆ.

ಅಪ್ಪ, ಮೆಟಲರ್ಗ್ ಮುಂದೆ ನಿಂತಾಗಿನಿಂದ ಒಂದು ಪ್ರಶ್ನೆ ಇದೆ. ನಿಮ್ಮ ಯೂನಿಯನ್ ಬೋನಸ್ಸಿಗೆ ಗೇಟಿನ ಮುಂದೆ ಕೂತ ಕಥೆ ನೂರು ಸಲ ಹೇಳಿದ್ದೀರಿ. ವಿಶ್ರಾಂತಿ ಕೊಡಿ ಅಂತ ಯಾವತ್ತಾದರೂ ಕೇಳಿದ್ದಿರಾ? ಬೇಡಿಕೆ ಪಟ್ಟಿಯಲ್ಲಿ ಅದು ಎಷ್ಟನೆಯದಾಗಿತ್ತು? ಮರೆಯದೆ ಬರೆಯಿರಿ.

ನಿಮ್ಮ ಮಗಳು,
ಪುಟ್ಟಿ